ಮೋಟಾರಿಗೆ ವಿಶ್ರಾಂತಿಯಿತ್ತು ಶ್ರೀರಂಗಪಟ್ಟಣಕ್ಕೆ

ಮೈಸೂರಿನಿಂದ ಶ್ರೀರಂಗಪಟ್ಟಣಕ್ಕೆ ಸುಮಾರು 16 ಕಿಲೋಮೀಟರು. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರು, ಪಟ್ಟಣವು ಸುಮಾರು 680 ಮೀಟರು ಎತ್ತರದಲ್ಲಿರುವುದರಿಂದ ಹೋಗುವಾಗ ದಾರಿಯು ಒಟ್ಟಿನಲ್ಲಿ ಇಳಿಜಾರು, ಬರುವಾಗ ಏರು. ರೈಲಿನಲ್ಲಿ ಕುಳಿತವರಿಗೆ ಈ ಭೇದವು ಗೋಚರಿಸುವುದೇ ಇಲ್ಲ. ಬೈಸಿಕಲ್ಲಿನವನ ಮೊಣಕಾಲಿಗೆ ಚೆನ್ನಾಗಿ ಗೊತ್ತು.

ನಮ್ಮ ಮನೆಗೆ ವಿದ್ಯುತ್ ಬೈಸಿಕಲ್ಲು ಬಂದದ್ದು ಮಗನ ಒತ್ತಾಯದಿಂದ. ಅರುವತ್ತು ತುಂಬಿದ ತಂದೆಯು ಹಳೆಯ ಬೈಸಿಕಲ್ಲನ್ನು ಏರಿನಲ್ಲಿ ತುಳಿಯುವುದು ಅವನಿಗೆ ಸರಿಬೀಳಲಿಲ್ಲ. ಅದೇ ದಿನಗಳಲ್ಲಿ ವೈದ್ಯರು, ಮೊಣಕಾಲಿನ ಸುತ್ತಣ ಮಾಂಸಖಂಡಗಳು ಕೆಲಸವಿಲ್ಲದೆ ಸೊರಗುತ್ತಿವೆ, ಅವನ್ನು ದುಡಿಸದಿದ್ದರೆ ಊರುಗೋಲೇ ಗತಿಯಾದೀತು ಎಂದರು. ಮಗನು ಕೊಡಿಸಿದ್ದು ಶ್ರಮ ತಪ್ಪಿಸುವ ವಾಹನ. ವೈದ್ಯರು ವಿಧಿಸಿದ್ದು ಶ್ರಮ. ಈ ವಿಧಿವಿರೋಧವನ್ನು ಪರಿಹರಿಸಲು ಮೀಮಾಂಸಕರನ್ನು ಕರೆಯಿಸಬೇಕಾಗಿಲ್ಲ. ಹಿಡಿಯ ಬಳಿಯ ಗುಂಡಿಯನ್ನೊತ್ತಿ ಮೋಟಾರನ್ನು ನಿಲ್ಲಿಸಿದರಾಯಿತು.

ಮೋಟಾರು ನಿಂತ ಮೇಲೆ ಇದೊಂದು ಭಾರವಾದ ಬೈಸಿಕಲ್ಲಷ್ಟೆ. ನಮ್ಮದು 22 ಕಿಲೋ ತೂಗುತ್ತದೆ. ಸಮನೆಲದಲ್ಲಿ ಒಂದೇ ವೇಗದಿಂದ ಸಾಗುವಾಗ ತೂಕದ ಬಾಧೆ ಅಲ್ಪ. ಅಲ್ಲಿ ಗಾಳಿಯೇ ದೊಡ್ಡ ವೈರಿ. ಹೊರಡುವಾಗಲೂ ಏರಿನಲ್ಲಿಯೂ ತೂಕವು ತನ್ನ ಲೆಕ್ಕವನ್ನು ಮುಂದಿಡುತ್ತದೆ. ಕೊಳ್ಳುವ ವಾಚಕರು ಒಂದು ವಿಷಯವನ್ನು ಅವಶ್ಯವಾಗಿ ವಿಚಾರಿಸಬೇಕು. ಚಕ್ರದ ನಡುವಣ ಗುಂಬದಲ್ಲಿರುವ ಮೋಟಾರುಗಳಲ್ಲಿ ಎರಡು ಬಗೆಗಳುಂಟು. ಒಳಗೆ ಹಲ್ಲುಚಕ್ರಗಳಿರುವ ಚಿಕ್ಕ ಮೋಟಾರಿನಲ್ಲಿ, ವಿದ್ಯುತ್ತು ನಿಂತೊಡನೆ ಚಕ್ರವು ಸಾಮಾನ್ಯವಾಗಿ ಅದರಿಂದ ಬಿಡಿಸಿಕೊಂಡು ಹಗುರವಾಗಿ ತಿರುಗುತ್ತದೆ. ಹಲ್ಲುಚಕ್ರಗಳಿಲ್ಲದ ದಪ್ಪ ಮೋಟಾರಿನಲ್ಲಾದರೋ ಅಯಸ್ಕಾಂತಗಳು ಚಕ್ರದೊಡನೆಯೇ ತಿರುಗುತ್ತ, ಹಿಂದಿನಿಂದ ಯಾರೋ ಸೆರಗು ಹಿಡಿದಂತೆ ಎಳೆಯುತ್ತಿರುತ್ತವೆ. ಕಾಲಿನಿಂದಲೇ ತುಳಿಯಬೇಕೆಂಬವರಿಗೆ ಮೊದಲನೆಯದೇ ಲೇಸು.

ಬೆಂಗಳೂರಿನ ಹೆದ್ದಾರಿಯ ನಡುವಣ ಪಥದಲ್ಲಿ 2023ರ ಆಗಸ್ಟಿನಿಂದ ದ್ವಿಚಕ್ರವಾಹನಗಳಿಗೆ ಪ್ರವೇಶವಿಲ್ಲ. ಪಕ್ಕದ ರಸ್ತೆಯಲ್ಲಿ ಹೋಗಬೇಕು. ಅದರಿಂದ ನಷ್ಟವೇನೂ ಇಲ್ಲ. ಸಿದ್ಧಲಿಂಗಪುರವನ್ನು ಕಳೆದ ಮೇಲೆ ಕಬ್ಬು, ಭತ್ತ, ತೆಂಗು, ಬೆಳಗಿನ ತಂಗಾಳಿ. ಪಶ್ಚಿಮವಾಹಿನಿಯಲ್ಲಿ ಕಾವೇರಿಯು ಪಡುವಣಕ್ಕೆ ತಿರುಗಿ ಹರಿಯುವುದನ್ನು ನೋಡುತ್ತ ಕುಳಿತರೆ ಬೆವರು ತಾನಾಗಿ ಆರುತ್ತದೆ. ಪಟ್ಟಣದಲ್ಲಿ ದಿವಾನ್ ಪೂರ್ಣಯ್ಯನವರ ಕಾಲದಲ್ಲಿ, 1804ರಲ್ಲಿ, ಕಟ್ಟಿದ ವೆಲ್ಲೆಸ್ಲಿ ಸೇತುವೆಯ ಕಲ್ಲುಕಂಬಗಳನ್ನು ನೋಡಿ, ರಂಗನಾಥಸ್ವಾಮಿಯ ದರ್ಶನ ಮಾಡಿ, ಬಿಸಿಲೇರುವ ಮುನ್ನ ಹಿಂದಿರುಗುವುದು ನನ್ನ ಕ್ರಮ.

ಹಿಂದಿರುಗುವುದೇ ನಿಜವಾದ ಪರೀಕ್ಷೆ. ನನ್ನ ದೇಹ 60 ಕಿಲೋ, ಬೈಸಿಕಲ್ಲು 22. ಈ 82 ಕಿಲೋಗಳನ್ನು 90 ಮೀಟರು ಮೇಲೆತ್ತಲು, ಗಾಳಿ ಮತ್ತು ನೆಲದ ತಡೆಯನ್ನು ಬಿಟ್ಟರೆ, ಬೇಕಾದ ಶಕ್ತಿ ಸುಮಾರು 20 ವಾಟ್-ಗಂಟೆ. ನಮ್ಮ ಬ್ಯಾಟರಿಯಲ್ಲಿ 360 ಇದೆ. ಅಂಕಗಣಿತದಲ್ಲಿ ಇಷ್ಟು ಸ್ವಲ್ಪವಾದುದು ತೊಡೆಗಳಲ್ಲಿ ಅಷ್ಟು ಹೆಚ್ಚಾಗುವುದು ಹೇಗೆಂಬುದನ್ನು ತುಳಿದವರೇ ಬಲ್ಲರು. ಮೂರು ತಿಂಗಳ ಕೆಳಗೆ ಅರ್ಧ ದಾರಿಯೂ ಮೋಟಾರಿನ ನೆರವು ಬೇಕಾಗುತ್ತಿತ್ತು. ಕಳೆದ ವಾರ ಊರು ಸಮೀಪಿಸುವ ಏರಿನಲ್ಲಿ ಮಾತ್ರ, ಅದೂ ಅತ್ಯಲ್ಪ ಮಟ್ಟದಲ್ಲಿ, ಅದನ್ನು ಎಬ್ಬಿಸಿದೆ.

ಮನೆಯಾಕೆಗೆ ನನ್ನ ಮಾತಿನಲ್ಲಿ ವಿಶ್ವಾಸವಿಲ್ಲ. ಕಾಫಿ ತರುವ ಮುನ್ನ ಬ್ಯಾಟರಿಯ ಮೇಲಣ ದೀಪಗಳನ್ನು ತಾನೇ ಎಣಿಸಿಕೊಳ್ಳುತ್ತಾಳೆ.