ಕರಿಯನ ಕಾಲು, ನನ್ನ ಎಕ್ಸೆಲ್ ಶೀಟು

ಕರಿಯ ನಮ್ಮ ಮನೆಗೆ ಬಂದಾಗ ಎರಡು ತಿಂಗಳ ಮರಿ. ಕಪ್ಪು ಲ್ಯಾಬ್ರಡಾರ್, ಐದು ಕೆಜಿ. ಮನೆ ಶಿಡ್ಲಘಟ್ಟದಲ್ಲಿ, ಕೆಲಸ ಬೆಂಗಳೂರಿನಲ್ಲಿ. ವಾರಕ್ಕೆ ಎರಡೇ ದಿನ ಆಫೀಸು, ಉಳಿದ ದಿನ ನನ್ನ ಲ್ಯಾಪ್‌ಟಾಪ್ ಮೇಜಿನ ಕೆಳಗೆ ಅವನ ಠಿಕಾಣಿ.

ಪ್ರತಿ ಭಾನುವಾರ ಅವನನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಲ್ಲುತ್ತಿದ್ದೆ. ನನ್ನ ತೂಕ ಕಳೆದು ಎಕ್ಸೆಲ್‌ನಲ್ಲಿ ಬರೆದಿಡುವುದು. ಗೆರೆ ಮೇಲೇರಿದಷ್ಟೂ ಖುಷಿ. ಪ್ಯಾಕೆಟ್ ಆಹಾರ, ಜೊತೆಗೆ ದಿನಾ ಎರಡು ಮೊಟ್ಟೆ, ಅದರ ಮೇಲೆ ಕ್ಯಾಲ್ಸಿಯಂ ಸಿರಪ್. ಸಿರಪ್ ಯಾವ ಡಾಕ್ಟರೂ ಬರೆದುಕೊಟ್ಟಿದ್ದಲ್ಲ. ದೊಡ್ಡ ಜಾತಿ ನಾಯಿ, ಮೂಳೆ ಗಟ್ಟಿಯಾಗಲಿ ಅಂತ ನಾನೇ ತಂದಿದ್ದು.

ಏಳನೇ ತಿಂಗಳಲ್ಲಿ ಒಂದು ಬೆಳಗ್ಗೆ ಮುಂದಿನ ಎಡಗಾಲು ಎತ್ತಿಕೊಂಡು ಕುಂಟುತ್ತಾ ಬಂದ. ಪಾದ ನೋಡಿದೆ, ಮುಳ್ಳಿಲ್ಲ, ಗಾಯವಿಲ್ಲ. ಟೈಲ್ಸ್ ಮೇಲೆ ಜಾರಿರಬೇಕು ಅಂದುಕೊಂಡೆ. ನಾಲ್ಕು ದಿನಕ್ಕೆ ಸರಿಹೋಯ್ತು. ಮರುವಾರ ನೋಡಿದರೆ ಹಿಂದಿನ ಬಲಗಾಲು! "ನಾಟಕ ಆಡ್ತಾನೆ ಕಣೋ, ನೀನು ಮುದ್ದು ಮಾಡ್ಲಿ ಅಂತ" ಅಂದರು ಅಮ್ಮ. ನನಗೂ ಹಾಗೇ ಅನ್ನಿಸಿತ್ತು, ರಾತ್ರಿ ಅವನ ತೊಡೆಯ ಮೂಳೆ ಮೆಲ್ಲಗೆ ಒತ್ತುವವರೆಗೆ. ಕಿರುಚಿ ನನ್ನ ಕೈಯನ್ನು ಬಾಯಲ್ಲಿ ಹಿಡಿದ. ಕಚ್ಚಲಿಲ್ಲ, ಹಾಗೇ ಹಿಡಿದುಕೊಂಡಿದ್ದು ಬಿಟ್ಟ.

ನನ್ನ ಬೆನ್ನುನೋವಿಗೆ ತಂದಿದ್ದ ಐಬುಪ್ರೊಫೇನ್ ಮಾತ್ರೆಯನ್ನು ಅರ್ಧ ಮುರಿದು ಚಪಾತಿ ಚೂರಿನಲ್ಲಿ ಸುತ್ತಿದೆ. ಕೊಡುವ ಮುಂಚೆ ಪರಿಚಯದ ಪಶುವೈದ್ಯರಿಗೆ ಫೋನ್ ಮಾಡಿದ್ದು ಪುಣ್ಯ. "ಮೊದಲು ಅದನ್ನ ಎಸೀರಿ! ಹೊಟ್ಟೇಲಿ ಹುಣ್ಣಾಗುತ್ತೆ, ಕಿಡ್ನಿ ಹೋಗುತ್ತೆ" ಅಂತ ಗದರಿದರು. ಆ ಚಪಾತಿ ಚೂರು ನೆನೆಸಿಕೊಂಡರೆ ಈಗಲೂ ಕೈ ತಣ್ಣಗಾಗುತ್ತದೆ.

ಮರುದಿನ ವಿಜಯಪುರ, ದೇವನಹಳ್ಳಿ ದಾಟಿ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೆ ಹೋದೆವು. ಉಣ್ಣೆ ಕಚ್ಚಿ ಬರುವ ಜ್ವರದಲ್ಲೂ ನಾಯಿ ಕುಂಟುತ್ತದಂತೆ, ಅದಕ್ಕೆ ಮೊದಲು ರಕ್ತ ಪರೀಕ್ಷೆ. ಅದು ಸರಿಯಿತ್ತು. ಎಕ್ಸ್‌ರೇಯಲ್ಲಿ ಉದ್ದ ಮೂಳೆಯ ಒಳಗೆ ಮಬ್ಬು ಬಿಳಿ ಕಲೆ. ಹೆಸರು ಪ್ಯಾನೋಸ್ಟೈಟಿಸ್. ಬೇಗ ಬೆಳೆಯುವ ದೊಡ್ಡ ಜಾತಿಯ ಮರಿಗಳಿಗೆ ಐದು ತಿಂಗಳಿಂದ ಒಂದೂವರೆ ವರ್ಷದೊಳಗೆ ಬರುವ ಮೂಳೆ ನೋವು. ಒಂದು ಕಾಲಿನಿಂದ ಇನ್ನೊಂದಕ್ಕೆ ಹಾರುವುದೇ ಅದರ ಗುರುತು. ಬೆಳವಣಿಗೆ ಮುಗಿದಂತೆ ತಾನೇ ಹೋಗುತ್ತದೆ. ಅಲ್ಲಿಯವರೆಗೆ ನೋವು ಜಾಸ್ತಿಯಾದಾಗ ನಾಯಿಗೆಂದೇ ಇರುವ ಮಾತ್ರೆ, ವಿಶ್ರಾಂತಿ.

ಸಿರಪ್ ವಿಷಯ ಹೇಳಿದೆ. ಡಾಕ್ಟರು ಪೆನ್ನು ಕೆಳಗಿಟ್ಟರು. ಎಳೆ ಮರಿಯ ಕರುಳಿಗೆ ಹೆಚ್ಚಾದ ಕ್ಯಾಲ್ಸಿಯಂ ಬೇಡ ಅನ್ನಲು ಬರುವುದಿಲ್ಲ, ಬಂದದ್ದರಲ್ಲಿ ಬಹುಪಾಲು ಒಳಗೆಳೆದುಕೊಳ್ಳುತ್ತದೆ, ಮೂಳೆ ಬೆಳೆಯುವ ಲೆಕ್ಕ ತಪ್ಪುತ್ತದೆ. ಬರೀ ಅನ್ನ, ಮಾಂಸ ತಿನ್ನುವ ಮರಿಗೆ ಕ್ಯಾಲ್ಸಿಯಂ ಬೇಕಾಗಬಹುದು. ಮರಿಗಳ ಪ್ಯಾಕೆಟ್ ಆಹಾರದಲ್ಲಿ ಅದು ಮೊದಲೇ ಇರುತ್ತದೆ. "ಈ ನೋವು ನನ್ನಿಂದಲೇ ಬಂತಾ ಸಾರ್?" ಅಂತ ಕೇಳಿದೆ. "ಹಾಗಂತ ಹೇಳೋಕಾಗಲ್ಲ. ಆದ್ರೆ ಸಿರಪ್ ಇವತ್ತೇ ನಿಲ್ಲಿಸಿ, ತೂಕಾನೂ ಇಳಿಸಿ" ಅಂದರು.

ವಾಪಸ್ ಬಂದು ಓದುತ್ತಾ ಕೂತೆ. 2002ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 48 ಲ್ಯಾಬ್ರಡಾರ್‌ಗಳನ್ನು ಜೋಡಿ ಮಾಡಿ, ಒಂದಕ್ಕೆ ಇನ್ನೊಂದಕ್ಕಿಂತ ಕಾಲು ಭಾಗ ಕಡಿಮೆ ಊಟ ಕೊಟ್ಟಿದ್ದರು. ಕಡಿಮೆ ತಿಂದವು ಸುಮಾರು ಎರಡು ವರ್ಷ ಹೆಚ್ಚು ಬದುಕಿದವು, ಕೀಲು ಸವೆತವೂ ತಡವಾಯಿತು. ನನ್ನ ಎಕ್ಸೆಲ್ ಗೆರೆ ನೋಡಿ ನನಗೇ ನಾಚಿಕೆಯಾಯಿತು.

ಆವತ್ತು ಅಪ್ಪನ ರೇಷ್ಮೆ ಹುಳುಗಳು ನಾಲ್ಕನೇ ಜ್ವರಕ್ಕೆ ಕೂತಿದ್ದವು. ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಸೊಪ್ಪು ಹಾಕುವ ಕೆಲಸವಿಲ್ಲದೆ ಅಪ್ಪ ಹುಳು ಮನೆಯ ಹೊರಗೆ ಕೂತು ನನ್ನ ಕಥೆ ಪೂರ್ತಿ ಕೇಳಿದರು. "ಜ್ವರಕ್ಕೆ ಕೂತ ಹುಳಕ್ಕೆ ಯಾವತ್ತಾದ್ರೂ ಸೊಪ್ಪು ಹಾಕಿದ್ದು ನೋಡಿದೀಯೇನೋ? ಬೇಗ ಬೆಳೀಲಿ ಅಂತ ನಂಗೂ ಆಸೆ ಇರಲ್ವಾ?" ಅಂದು ಎದ್ದು ಹೋದರು.

ಮೊಟ್ಟೆ ನಿಂತಿತು, ಊಟ ಅಳತೆಗೆ ಬಂತು. ಟೈಲ್ಸ್ ಮೇಲೆ ಅಮ್ಮ ತಮ್ಮ ಹಳೇ ಚಾಪೆಗಳನ್ನು ಹಾಸಿದರು. ಆಮೇಲೂ ಎರಡು ಸಲ ಕುಂಟಿದ. ಎಕ್ಸೆಲ್‌ನಲ್ಲಿ 'ಯಾವ ಕಾಲು' ಅಂತ ಹೊಸ ಕಾಲಂ ಸೇರಿಸಿದ್ದೇನೆ. ಕಳೆದ ಒಂಬತ್ತು ವಾರದಿಂದ ಅದು ಖಾಲಿ ಇದೆ.