ಮನವಿಪತ್ರದ ಊರು

ಭದ್ರಾವತಿಯವರಿಗೆ ಕೈಗಡಿಯಾರದ ಚಟ ತಡವಾಗಿ ಹತ್ತಿತು. ಕಾರ್ಖಾನೆಯ ಸೈರನ್ ಇರುವಾಗ ಅದರ ದರ್ದಾದರೂ ಏನು? ಅದು ಕೂಗಿತೆಂದರೆ ಗಂಡಸರು ಸೈಕಲ್ ಹತ್ತುತ್ತಿದ್ದರು, ಒಲೆಯ ಮೇಲೆ ಎಸರು ಏರುತ್ತಿತ್ತು, ನಾವು ಮಗ್ಗಿ ಪುಸ್ತಕ ಬಿಚ್ಚುತ್ತಿದ್ದೆವು. ಗಾಳಿ ಪೇಪರ್‌ಟೌನ್ ಕಡೆಯಿಂದ ಬೀಸಿದರೆ ಎಂಪಿಎಂ ಕಾಗದ ಕಾರ್ಖಾನೆಯ ವಾಸನೆ ನಡುಮನೆಗೇ ಬಂದು ಕೂರುತ್ತಿತ್ತು. ಬಂದ ನೆಂಟರು ಮೂಗು ಮುಚ್ಚಿಕೊಂಡರೆ ನಮ್ಮಜ್ಜಿಗೆ ಸಿಟ್ಟು: “ಅದು ಸಂಬಳದ ವಾಸನೆ ಕಣ್ರೀ, ಸುಮ್ನಿರಿ!” ಈಗ ಗಾಳಿ ಚೊಕ್ಕವಾಗಿದೆ. ಊರಲ್ಲಿ ಯಾರಿಗೂ ಅದರಿಂದ ಸಂತೋಷವಾದಂತಿಲ್ಲ.

1923ರಲ್ಲಿ ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆ ಇಲ್ಲಿ ಕೆಲಸ ಶುರುಮಾಡಿತು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಮರದ ಇದ್ದಿಲು, ಭದ್ರೆಯ ನೀರು, ಎಲ್ಲವೂ ಹತ್ತಿರದಲ್ಲೇ ಇದ್ದವು. ಆದರೂ ನಷ್ಟ ಬಿಡಲಿಲ್ಲ. ದಿವಾನಗಿರಿ ಬಿಟ್ಟಿದ್ದ ಸರ್ ಎಂ. ವಿಶ್ವೇಶ್ವರಯ್ಯನವರು ಅಧ್ಯಕ್ಷರಾಗಿ ಬಂದು, ಖರ್ಚು ಬಿಗಿಮಾಡಿ, ಅದನ್ನು ದಡ ಹತ್ತಿಸಿದರು. ಆ ದುಡಿಮೆಗೆ ತಮಗೆ ಸಲ್ಲಬೇಕಾದ ಹಣವನ್ನು ಬೆಂಗಳೂರಿನಲ್ಲಿ ಹುಡುಗರಿಗೆ ಕಸಬು ಕಲಿಸುವ ಜಯಚಾಮರಾಜೇಂದ್ರ ಸಂಸ್ಥೆಗೆ ಬಿಟ್ಟುಕೊಟ್ಟರು. ಪ್ರತಿ ಸೆಪ್ಟೆಂಬರ್ 15ರಂದು, ಅವರ ಜನ್ಮದಿನಕ್ಕೆ, ಈ ಕಥೆ ಮೈಕಿನಲ್ಲಿ ಕೇಳುತ್ತದೆ. ಹಣ ಬಿಟ್ಟ ಭಾಗಕ್ಕೆ ಚಪ್ಪಾಳೆ ಬೀಳುತ್ತದೆ. ಖರ್ಚು ಬಿಗಿಮಾಡಿದ ಭಾಗಕ್ಕೆ ಬರುವಷ್ಟರಲ್ಲಿ ಭಾಷಣಕಾರರಿಗೆ ಇನ್ನೊಂದು ಸಭೆಗೆ ಹೊತ್ತಾಗಿರುತ್ತದೆ.

ನಾಯಕರಿಗೇನೂ ನಮ್ಮಲ್ಲಿ ಬರವಿಲ್ಲ. ಪಕ್ಷಕ್ಕಿಂತ ಆಳು ನೋಡಿ ಮತ ಹಾಕುವ ಊರು ಇದು. ಪಕ್ಷೇತರರನ್ನೂ ಗೆಲ್ಲಿಸಿ ಕಳಿಸಿದ್ದೇವೆ. ಆದರೆ ಅದೇ ಕಬ್ಬಿಣ-ಉಕ್ಕಿನ ಕಾರ್ಖಾನೆಯ ಬೀಗದ ಕೈ ಮೊದಲು ಬೆಂಗಳೂರಿನಲ್ಲಿತ್ತು, ಭಾರತೀಯ ಉಕ್ಕು ಪ್ರಾಧಿಕಾರದ ಕೈಸೇರಿದ ಮೇಲೆ ದೆಹಲಿಗೆ ಹೋಯಿತು. ಹಾಗಾಗಿ ನಮ್ಮ ನಾಯಕರು ಚೆನ್ನಾಗಿ ಕಲಿತ ವಿದ್ಯೆ ಒಂದೇ, ಮನವಿಪತ್ರ ಕೊಡುವುದು. ಗರಿಗರಿ ಬಿಳಿ ಅಂಗಿ, ಶಾಲು, ಏಲಕ್ಕಿ ಹಾರ. ಕೊಡುವವರ ಕೈ ಮಂತ್ರಿಗಳ ಕಡೆಗೆ, ಮುಖ ಕ್ಯಾಮೆರಾದ ಕಡೆಗೆ. ಮಂತ್ರಿಗಳು “ಪರಿಶೀಲಿಸೋಣ” ಎಂದು ಪತ್ರವನ್ನು ಹಿಂದೆ ನಿಂತ ಆಪ್ತ ಸಹಾಯಕರಿಗೆ ದಾಟಿಸುತ್ತಾರೆ. ಅವರು ಅದನ್ನು ಹಳೆಯ ಮನವಿಗಳ ಮೇಲಿಡುತ್ತಾರೆ. “ಅಷ್ಟೂ ಮನವಿಗೆ ಎಂಪಿಎಂ ಕಾಗದವನ್ನೇ ತಗೊಂಡಿದ್ರೆ ಅದ್ಯಾಕ್ರೀ ಮುಚ್ತಿತ್ತು?” ಎಂಬುದು ನಮ್ಮ ಟೀ ಅಂಗಡಿಯ ಅರ್ಥಶಾಸ್ತ್ರ.

ಕಾಗದ ಕಾರ್ಖಾನೆಯಂತೂ ನಿಂತೇ ಹೋಯಿತು. ಉಕ್ಕಿನದನ್ನು ಮಾರಲು ಹೊರಟರು, ಕೊಳ್ಳುವವರು ಸಿಗಲಿಲ್ಲ. 2023ರ ಜನವರಿಯಲ್ಲಿ, ಕಾರ್ಖಾನೆಗೆ ನೂರು ತುಂಬುವ ಹೊತ್ತಿಗೆ ಸರಿಯಾಗಿ, ಮುಚ್ಚುವ ತೀರ್ಮಾನ ಬಂತು. ಶತಮಾನೋತ್ಸವಕ್ಕೆ ಹೂಗುಚ್ಛ ತಂದವರ ಕೈಗೇ ತಿಥಿಯ ಪತ್ರ ಕೊಟ್ಟಂತಾಯಿತು. ಗುತ್ತಿಗೆ ಕಾರ್ಮಿಕರು ಗೇಟಿನ ಮುಂದೆ ಧರಣಿ ಕೂತರು. 2024ರಲ್ಲಿ ಎಚ್.ಡಿ. ಕುಮಾರಸ್ವಾಮಿ ಕೇಂದ್ರದ ಉಕ್ಕು ಸಚಿವರಾಗಿ ಬಂದು ಕಾರ್ಖಾನೆ ನೋಡಿದಾಗ ಊರು ಮತ್ತೊಮ್ಮೆ ಆಸೆಪಟ್ಟಿತು. ಆಸೆಪಡುವುದರಲ್ಲಿ ನಮಗೆ ಒಳ್ಳೆಯ ಸರ್ವೀಸ್ ಇದೆ.

ಇಷ್ಟರ ನಡುವೆ ನಮ್ಮ ಬೀದಿಯಲ್ಲಿ ನಿವೃತ್ತ ಟರ್ನರ್ ಒಬ್ಬರಿದ್ದಾರೆ. ತಗಡಿನ ಶೆಡ್ಡಿನಲ್ಲಿ ಸೆಕೆಂಡ್‌ಹ್ಯಾಂಡ್ ಲೇತ್ ಇಟ್ಟುಕೊಂಡು ಅಡಿಕೆ ಸುಲಿಯುವ ಯಂತ್ರಗಳ ಬಿಡಿಭಾಗ ಕಡೆಯುತ್ತಾರೆ. ಸುರುಳಿಸುರುಳಿಯಾಗಿ ಬೀಳುವ ಕಬ್ಬಿಣದ ಹೊಟ್ಟನ್ನು ಚಪ್ಪಲಿಯಿಂದ ಆಚೆ ಸರಿಸಿ, ಕನ್ನಡಕ ಹಣೆಗೇರಿಸಿ, ತುಂಡನ್ನು ವರ್ನಿಯರ್‌ಗೆ ಕೊಟ್ಟು ನೋಡುತ್ತಾರೆ. ಕೂದಲೆಳೆ ಹೆಚ್ಚಾಗಿದ್ದರೂ ಮತ್ತೆ ಲೇತಿಗೆ. ಅವರ ಹತ್ತಿರ ಕೆಲಸ ಕಲಿತ ಹುಡುಗರು ಬೆಳಿಗ್ಗೆ ಬಸ್ಸು ಹಿಡಿದು ಮಾಚೇನಹಳ್ಳಿಯ ಫೌಂಡ್ರಿಗಳಿಗೆ ಹೋಗುತ್ತಾರೆ. ಕಾರ್ಖಾನೆ ಮಲಗಿದರೂ ಅದು ಕಲಿಸಿದ ಕಸಬು ಎದ್ದು ಓಡಾಡುತ್ತಿದೆ. ಅದಕ್ಕೆ ಹಾರ ಹಾಕಿದವರನ್ನು ಮಾತ್ರ ನಾನು ಕಾಣೆ.

ಈ ಹಿರಿಯರ ಕಷ್ಟ ಬಹಳ ಸಣ್ಣದು. ಮಳೆಗಾಲದಲ್ಲಿ ಶೆಡ್ಡು ಸೋರುತ್ತದೆ, ಕರೆಂಟು ಕೈಕೊಡುತ್ತದೆ, ಬ್ಯಾಂಕಿನವರು ಸಾಲಕ್ಕೆ ಜಾಮೀನು ಕೇಳುತ್ತಾರೆ. ಇಂಥದ್ದಕ್ಕೆ ಮನವಿ ಬರೆದರೆ ಫೋಟೊ ಚೆನ್ನಾಗಿ ಬರುವುದಿಲ್ಲ.

ನಮ್ಮ ನಾಯಕರಲ್ಲಿ ಒಂದು ಅರಿಕೆ. ದೆಹಲಿಗೆ ಹೋಗಿಬನ್ನಿ, ಕಾರ್ಖಾನೆ ಕೇಳುವುದು ನಮ್ಮ ಹಕ್ಕು. ಆದರೆ ವಾಪಸು ಬಂದವರು ಹತ್ತು ಲೇತಿಗೆ ಸೋರದ ಸೂರು, ನಿಲ್ಲದ ಕರೆಂಟು, ಹುಡುಗರಿಗೆ ಕಲಿಯಲು ಒಂದು ಜಾಗ ಮಾಡಿಕೊಡಿ. ಊರಿನವರೇ ಕೂತು ಮನಸ್ಸು ಮಾಡಿದರೆ ಆಗುವ ಕೆಲಸ ಇದು. ಬೇಕಿದ್ದರೆ ಹಾರ, ಶಾಲು, ಫೋಟೊದ ಖರ್ಚು ನಾವೇ ಕೊಡುತ್ತೇವೆ.