ಅರಿಕುಠಾರದ ‘ರ’, ವಿಜಯಪುರದ ‘ರ’

ಆಷಾಢದ ಗಾಳಿ ರೈಲಿನ ಕಿಟಕಿಯಿಂದ ನುಗ್ಗಿ ತೊಡೆಯ ಮೇಲಿದ್ದ ಕಾಗದವನ್ನು ಹಾರಿಸಿಬಿಟ್ಟಿತು. ಎದುರು ಸೀಟಿನ ಅಜ್ಜಿ ಗಬಕ್ಕನೆ ಹಿಡಿದರು. ತಿರುಗಿಸಿ ಮುರುಗಿಸಿ ನೋಡಿ, “ಇದೇನವ್ವ, ಚೌಕಾಬಾರದ ಮನೆ ಬರ್ಕಂಡಿದ್ದೀಯ?” ಅಂದರು. ಚೌಕಾಬಾರವಲ್ಲ ಅಜ್ಜಿ, ಪದಬಂಧ ಅಂದೆ. “ಎರಡೂ ಮನ ತುಂಬ ಆಟವೇ ಬುಡು” ಅಂದು ಕಾಗದ ವಾಪಸು ಕೊಟ್ಟರು.

ಮೈಸೂರಿನಿಂದ ಚಾಮರಾಜನಗರಕ್ಕೆ ಹೋಗುವ ಪ್ಯಾಸೆಂಜರ್ ರೈಲು ಅದು. ಅಲ್ಲಿಂದ ಬಸ್ಸು ಹಿಡಿದು ಗುಂಡ್ಲುಪೇಟೆಯ ಸೋದರಮಾವನ ಮನೆ ಸೇರಬೇಕಿತ್ತು. ಮಾವ ಕನ್ನಡ ಮೇಷ್ಟ್ರಾಗಿದ್ದವರು. ನಿವೃತ್ತರಾದ ಮೇಲೆ ದಿನಕ್ಕೊಂದು ಪದಬಂಧ ಕಟ್ಟಿ ಮನೆಮಂದಿಗೆಲ್ಲ ಮೊಬೈಲಿನಲ್ಲಿ ಕಳಿಸುತ್ತಾರೆ. ದಿನಕ್ಕೊಂದು ವಸ್ತು: ಒಂದು ದಿನ ಸೊಪ್ಪುಗಳು, ಒಂದು ದಿನ ಮಳೆ ನಕ್ಷತ್ರಗಳು, ಒಂದು ದಿನ ರಾಗಗಳು. ಆ ದಿನದ ವಸ್ತು ‘ನಮ್ಮ ಸೀಮೆ: ಇನ್ನೊಂದು ಹೆಸರು’. ಅಡಿಯಲ್ಲಿ ಒಂದು ಷರತ್ತು: ‘ಮೊಬೈಲಿನಲ್ಲಿ ಹುಡುಕಕೂಡದು. ಕಂಡು, ಕೇಳಿ ತುಂಬಿಕೊಂಡು ಬಾ. ಸಂಜೆ ನೋಡುತ್ತೇನೆ.’

ಈ ಆಟಕ್ಕೆ ನೂರು ವರ್ಷದ ಮೇಲಾಯಿತು. 1913ರ ಡಿಸೆಂಬರ್ 21ರಂದು ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ ಆರ್ಥರ್ ವಿನ್ ಎಂಬಾತ ಮೊದಲನೆಯದನ್ನು ಅಚ್ಚು ಹಾಕಿಸಿದ. ಅವನ ಭಾಷೆಯಲ್ಲಿ ಒಂದು ಮನೆಗೆ ಒಂದು ಅಕ್ಷರ, ಮುಗಿಯಿತು. ನಮ್ಮಲ್ಲಿ ಒಂದೇ ಮನೆಯೊಳಗೆ ಕಾಗುಣಿತ, ಒತ್ತು, ಸೊನ್ನೆ ಎಲ್ಲ ಒಟ್ಟಿಗೆ ಸಂಸಾರ ಮಾಡಬೇಕು. ‘ಸ್ತ್ರೀ’ಗೆ ಒಂದೇ ಮನೆ ಸಾಕು. ಇಂಥ ಇಕ್ಕಟ್ಟಿನಲ್ಲೇ ಸಾವಿರಾರು ಪದಬಂಧ ಕಟ್ಟಿ ಲಿಮ್ಕಾ ದಾಖಲೆ ಪುಸ್ತಕ ಸೇರಿದವರು ಕೋಲಾರ ಸೀಮೆಯ ಅ.ನಾ. ಪ್ರಹ್ಲಾದರಾವ್. ಮಾವನಿಗೆ ಅವರೇ ಗುರು, ಏಕಲವ್ಯನಿಗೆ ದ್ರೋಣ ಇದ್ದ ಹಾಗೆ.

ಕಡಕೊಳ, ತಾಂಡವಪುರ ದಾಟಿದರೂ ನನ್ನ ಮನೆಗಳೆಲ್ಲ ಖಾಲಿ. ‘ಗುಂಡ್ಲು ಹೊಳೆಗೆ ಪುರಾಣದ ಹೆಸರು (3)’ ಅಂತ ಒಂದು ಸುಳಿವು. ‘ಜಿ.ಪಿ. ಬಿಡಿಸಿ ಬರೆ (5)’ ಅಂತ ಇನ್ನೊಂದು. ನಂಜನಗೂಡಿನ ಹತ್ತಿರ ರೈಲು ಕಪಿಲೆಯ ಮೇಲೆ ಬಂತು. ಪಕ್ಕದಲ್ಲೇ ಹಳೆಯ ಕಲ್ಲಿನ ಸೇತುವೆ. ದಳವಾಯಿ ದೇವರಾಜ 1735ರಲ್ಲಿ ಕಟ್ಟಿಸಿದ್ದು. ರಸ್ತೆಯನ್ನೂ ರೈಲನ್ನೂ ಒಟ್ಟಿಗೆ ಬೆನ್ನ ಮೇಲೆ ಹೊತ್ತು ದುಡಿದ ಸೇತುವೆ ಈಗ ಸುಮ್ಮನೆ ನೀರು ನೋಡುತ್ತ ನಿಂತಿದೆ. ಅಜ್ಜಿ ನದಿಗೆ ಕೈ ಮುಗಿದರು. ನಂಜುಂಡೇಶ್ವರನ ದರ್ಶನಕ್ಕೆ ಇಳಿಯುವವರು ಅವರು. “ಇಲ್ಲಿ ಮುಳುಗು ಹಾಕುದ್ರ ಎರಡು ಹೊಳ ಪುಣ್ಯ ಬತ್ತದ ಕನವ್ವ. ಕಪಿಲ ಒಂದು, ಕೌಂಡಿನ್ಯ ಒಂದು” ಅಂದರು.

ಕೌಂ, ಡಿ, ನ್ಯ. ಮೂರೇ ಮನೆ! ಗುಂಡ್ಲುಪೇಟೆ ಕಡೆಯಿಂದ ಹರಿದು ಬಂದು ನಂಜನಗೂಡಿನಲ್ಲಿ ಕಪಿಲೆಯನ್ನು ಸೇರುವ ಹೊಳೆ ಇದೇ. ಊರಿನವರ ಬಾಯಲ್ಲಿ ಗುಂಡ್ಲು, ತೀರ್ಥಕ್ಕೆ ಬಂದವರ ಬಾಯಲ್ಲಿ ಕೌಂಡಿನ್ಯ. ಎಷ್ಟೋ ಸಲ ಈ ದಾರಿಯಲ್ಲಿ ಓಡಾಡಿದ್ದೇನೆ. ಇವೆರಡೂ ಒಂದೇ ನೀರು ಅಂತ ಹೊಳೆದದ್ದೇ ಇಲ್ಲ.

ಆ ‘ಡಿ’ ಮೇಲಿನಿಂದ ಕೆಳಕ್ಕೆ ಇಳಿಯುವ ಐದು ಮನೆಗಳ ಸಾಲಿನಲ್ಲಿ ನಾಲ್ಕನೆಯದಾಗಿ ಕೂತಿತು. ಕೊನೆಗೆ ‘ಡಿ’ ಬಂದು ಆಮೇಲೆ ಒಂದು ಮನೆ ಉಳಿಯಬೇಕಾದರೆ ಅದು ಪಂಡಿತ! ಹಾಗಾದರೆ ಜಿ.ಪಿ. ಅಂದರೆ ಗುಂಡ್ಲು ಪಂಡಿತ. ಜಿ.ಪಿ. ರಾಜರತ್ನಂ ಅವರ ತುತ್ತೂರಿ ಪದ್ಯ ಹೇಳಿಕೊಂಡೇ ಮಾತು ಕಲಿತವಳು ನಾನು. ‘ರತ್ನನ ಪದಗಳು’ ಪುಸ್ತಕ ಮನೆಯಲ್ಲಿದೆ. ಆದರೆ ಆ ಎರಡು ಅಕ್ಷರದೊಳಗೆ ಏನಿದೆ ಎಂದು ಒಂದು ದಿನವೂ ಕೇಳಿರಲಿಲ್ಲ. ಗುಂಡ್ಲುಪೇಟೆಯಲ್ಲಿ ನೆಲೆಸಿದ್ದ ಪಂಡಿತರ ವಂಶ ಅವರದು. ಊರಿಗೆ ಗುಂಡ್ಲು ಹೊಳೆ, ಮನೆತನಕ್ಕೆ ಊರು. ಕವಿಯ ಹೆಸರೂ ಹೊಳೆಯ ಹೆಸರೂ ಮಾವನ ಚೌಕದಲ್ಲಿ ಒಂದೇ ‘ಡಿ’ಯಲ್ಲಿ ಅಡ್ಡ ಹಾದಿದ್ದವು. ಪೆನ್ಸಿಲ್ ಹಿಡಿದ ಬೆರಳು ಅಲ್ಲೇ ನಿಂತುಬಿಟ್ಟಿತು.

ಕವಲಂದೆ, ಬದನಗುಪ್ಪೆ, ಮರಿಯಾಲ ಕಳೆದು ರೈಲು ಚಾಮರಾಜನಗರದಲ್ಲಿ ನಿಂತಿತು. ಅಲ್ಲಿಂದ ಮುಂದಕ್ಕೆ ಹಳಿಯೇ ಇಲ್ಲ. ಸ್ಟೇಷನ್ನಿನಿಂದ ನೇರ ಚಾಮರಾಜೇಶ್ವರನ ಗುಡಿಗೆ ಹೋದೆ. ಎತ್ತರದ ಗೋಪುರದ ಕೆಳಗೆ ಹೊಸ ಸೀರೆಯ, ಹೊಸ ಪಂಚೆಯ ಜೋಡಿಗಳು. ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಹೊಸ್ತಿಲು ದಾಟಬಾರದು ಅಂತ ಮದುಮಗಳನ್ನು ತವರಿಗೆ ಕಳಿಸುವುದು ನಮ್ಮ ಕಡೆಯ ರೂಢಿ. ಇಡೀ ನಾಡಿನ ತೇರುಗಳು ಸುಮ್ಮನಿರುವ ಆ ತಿಂಗಳಲ್ಲೇ ಈ ದೇವರು ತೇರು ಏರುತ್ತಾನೆ. ಅಗಲಿದ ಗಂಡ ಹೆಂಡತಿ ತೇರಿನ ನೆಪದಲ್ಲಿ ಸೇರುತ್ತಾರೆ, ಜೊತೆಯಾಗಿ ನಿಂತು ಹಣ್ಣು ಜವನ ಎಸೆಯುತ್ತಾರೆ. ತಿಂಗಳೊಪ್ಪತ್ತಿನ ಅಗಲಿಕೆಗೆ ಒಂದು ದಿನದ ರಜೆ!

ಗುಡಿಯೊಳಗೆ ಮುಮ್ಮಡಿ ಕೃಷ್ಣರಾಜ ಒಡೆಯರ ವಿಗ್ರಹ ಕೈಮುಗಿದು ನಿಂತಿದೆ. ಇಲ್ಲಿ ಹುಟ್ಟಿದ್ದ ತಂದೆ ಚಾಮರಾಜ ಒಡೆಯರ ನೆನಪಿಗೆ 1818ರಲ್ಲಿ ಊರಿನ ಹೆಸರು ಬದಲಿಸಿ, 1826ರಲ್ಲಿ ಈ ಗುಡಿ ಕಟ್ಟಿಸಿದ ದೊರೆ. ಅದಕ್ಕೂ ಮೊದಲಿನ ಹೆಸರೇ ನನಗೆ ಬೇಕಾಗಿದ್ದದ್ದು: ‘ಹಗೆಗೆ ಕೊಡಲಿಯಾದ ಊರು (5)’. ಬಾಗಿಲಲ್ಲಿ ಹೂವು ಮಾರುತ್ತಿದ್ದವರನ್ನು ಕೇಳಿದೆ. “ಅರಿಕುಟಾರ ಅಂತಿದ್ರಂತ ಹಿಂದ” ಅಂದರು. ಅರಿ ಅಂದರೆ ಶತ್ರು, ಕುಠಾರ ಅಂದರೆ ಕೊಡಲಿ. ಮೂರು ಮೊಳ ಮಲ್ಲಿಗೆ ಕೊಂಡು, ಅವರ ‘ಟ’ವನ್ನು ‘ಠ’ ಮಾಡಿ ಬರೆದೆ: ಅ, ರಿ, ಕು, ಠಾ, ರ.

ಮುಖ್ಯಮಂತ್ರಿ ಇಲ್ಲಿಗೆ ಬಂದರೆ ಕುರ್ಚಿ ಹೋಗುತ್ತದೆ ಎಂಬ ಮಾತೊಂದು ಬಹುಕಾಲ ಓಡಾಡುತ್ತಿತ್ತು. ಎಷ್ಟೋ ಮಂದಿ ಈ ಕಡೆ ತಲೆ ಹಾಕಲೇ ಇಲ್ಲ. ಊರಿನ ಹೆಸರು ಬದಲಾದರೂ ಕೊಡಲಿ ಮಾತ್ರ ಇಲ್ಲೇ ಉಳಿದಿತ್ತೋ ಏನೋ! ಸಿದ್ದರಾಮಯ್ಯನವರು ಮೊದಲ ಅವಧಿಯಲ್ಲಿ ಮತ್ತೆ ಮತ್ತೆ ಬಂದೂ ಐದು ವರ್ಷ ಪೂರೈಸಿದ ಮೇಲೆ ಆ ಕೊಡಲಿ ಮೊಂಡಾಯಿತು.

ಬಸ್ ನಿಲ್ದಾಣದಲ್ಲಿ ‘ಚಾ.ನಗರ’ ಅಂತ ಬೋರ್ಡು. ಇದೂ ಒಂದು ಜಿ.ಪಿ.ಯೇ ಅನ್ನಿಸಿತು, ಇಡೀ ದೊರೆಯನ್ನು ಒಂದು ‘ಚಾ’ದೊಳಗೆ ಮಡಚಿಟ್ಟಿದ್ದಾರೆ. ಪಕ್ಕದಲ್ಲಿ ತಾಳವಾಡಿ ಬಸ್ಸು ಹೊರಡುತ್ತಿತ್ತು. ‘ಗಾಜನೂರಿನ ಹುಡುಗ (4)’ ಎಂಬ ಸುಳಿವಿಗೆ ಯಾರನ್ನೂ ಕೇಳಬೇಕಾಗಲಿಲ್ಲ: ಮುತ್ತುರಾಜ. ಗಡಿಯಾಚೆಯ ಆ ಸೀಮೆ ಇವತ್ತು ತಮಿಳುನಾಡಿಗೆ ಸೇರಿದೆ, ಮನೆಮಾತು ಕನ್ನಡ. ಎಚ್.ಎಲ್.ಎನ್. ಸಿಂಹ ಅವರು 1954ರ ‘ಬೇಡರ ಕಣ್ಣಪ್ಪ’ ಚಿತ್ರಕ್ಕೆ ಆ ಹುಡುಗನನ್ನು ನಾಯಕನನ್ನಾಗಿಸಿ ರಾಜಕುಮಾರ ಅಂತ ಹೆಸರಿಟ್ಟರು. ಪದಬಂಧದ ಪ್ರಹ್ಲಾದರಾವ್ ಅವರೇ ರಾಜಕುಮಾರ್ ಜೀವನಚರಿತ್ರೆಯನ್ನೂ ಬರೆದವರು. ಮಾವ ಈ ಮನೆಯನ್ನು ಗುರುಕಾಣಿಕೆ ಅಂತಲೇ ಕಟ್ಟಿರಬೇಕು.

ಗುಂಡ್ಲುಪೇಟೆ ಬಸ್ಸಿನಲ್ಲಿ ಕಿಟಕಿ ಸೀಟು ಸಿಕ್ಕಿತು. ಅರಿಶಿನದ ಹೊಲ, ಈರುಳ್ಳಿ ಪಾತಿ, ನಡುವೆ ತೆರಕಣಾಂಬಿಯ ಹಳೆಯ ಗುಡಿಗಳು. ಅದನ್ನು ದಾಟಿದ ಮೇಲೆ ಕಣ್ಣು ಕೋರೈಸುವ ಹಾಗೆ ಚೆಂಡುಹೂವು. ಹೊಲಕ್ಕೆ ಹೊಲವೇ ಕಿತ್ತಳೆ ಬಣ್ಣ. ಅದರ ಪಕ್ಕ ಸೂರ್ಯಕಾಂತಿ, ಎಲ್ಲವೂ ಒಂದೇ ಕಡೆಗೆ ಮುಖ ಮಾಡಿ ಶಾಲೆಯ ಪ್ರಾರ್ಥನೆಗೆ ನಿಂತ ಹಾಗೆ. ಕೇರಳದ ನಂಬರಿನ ಕಾರುಗಳು ರಸ್ತೆ ಬದಿಗೆ ನಿಂತಿದ್ದವು. ಜನ ಹೂವಿನ ನಡುವೆ ಫೋಟೊ ತೆಗೆಸಿಕೊಳ್ಳುತ್ತಿದ್ದರು. ಈ ಹೂವಿನಲ್ಲಿ ಬಹುಪಾಲು ದೇವರ ಮುಡಿಗೆ ಹೋಗುವುದಿಲ್ಲ. ಕಂಪನಿಗಳು ಕೊಂಡು, ಒಣಗಿಸಿ, ಬಣ್ಣ ತೆಗೆಯುತ್ತವೆ. ಆ ಬಣ್ಣ ಕೋಳಿಯ ಆಹಾರಕ್ಕೂ ಬೀಳುತ್ತದೆ, ಮೊಟ್ಟೆಯ ಭಂಡಾರ ಕೆಂಪಗಾಗಲಿ ಅಂತ. ಚೆಂಡುಹೂವಿಗೂ ಒಂದು ‘ಇನ್ನೊಂದು ಹೆಸರು’ ಇದ್ದೀತು, ಯಾವುದೋ ಊರಿನ ಆಮ್ಲೆಟ್ಟಿನಲ್ಲಿ.

ಮಾವ ಬಸ್ ಸ್ಟ್ಯಾಂಡಿನಲ್ಲೇ ಕಾಯುತ್ತಿದ್ದರು. “ಎಷ್ಟು ತುಂಬ್ದೆ ಮಗ?” ಊಟವಾಯಿತಾ ಎಂದು ಕೇಳಿದ್ದು ಆಮೇಲೆ. ‘ಗುಂಡ್ಲುಪೇಟೆ ಅಂದು (5)’ ಇನ್ನೂ ಖಾಲಿ ಎಂದೆ. ಮಾತಾಡದೆ ವಿಜಯನಾರಾಯಣಸ್ವಾಮಿ ಗುಡಿಯ ಮುಂದೆ ನಿಲ್ಲಿಸಿದರು. ಮುಚ್ಚಿದ ಬಾಗಿಲು, ಹಳೆಯ ಕಲ್ಲು. “ಊರು ಮರ್ತುದ್ದ ದೇವರು ಇಟ್ಕಂಡವನ” ಅಂದರು. ವಿಜಯನಾರಾಯಣ, ವಿಜಯಪುರ. ಮೇಲಿನಿಂದ ಕೆಳಕ್ಕೆ ಬರೆದೆ. ಕೊನೆಯ ‘ರ’ ಎಲ್ಲಿಗೆ ಬಂದು ನಿಂತಿತು ಅಂತೀರಿ? ಎಡದಿಂದ ಬಲಕ್ಕೆ ಬರೆದಿದ್ದ ಅರಿಕುಠಾರದ ಕೊನೆಯ ‘ರ’ದ ಮೇಲೆ! ಬೆಳಿಗ್ಗೆಯಿಂದ ಬಸ್ಸಿನಲ್ಲೂ ರೈಲಿನಲ್ಲೂ ಕೂತು ನಾನು ಸೇರಿಸಿದ ಎರಡು ಊರುಗಳನ್ನು ಮಾವ ಒಂದೇ ಮನೆಯಲ್ಲಿ ಕೂರಿಸಿಬಿಟ್ಟಿದ್ದರು. ಊರ ಹೊರಗೆ ಗುಂಡ್ಲು ಹೊಳೆಯನ್ನೂ ತೋರಿಸಿದರು. ಮರಳು ಹೆಚ್ಚು, ನೀರು ಒಂದು ಸಣ್ಣ ಪಟ್ಟಿ. ಅಜ್ಜಿ ಬೆಳಿಗ್ಗೆ ಪುಣ್ಯಕ್ಕೆ ಮುಳುಗಿದ್ದು ಇದೇ ನೀರಿನಲ್ಲಿ.

ರಾತ್ರಿ ದೀಪದಡಿ ಮಾವ ಕೆಂಪು ಪೆನ್ನು ಹಿಡಿದು ಕೂತರು. ಎಲ್ಲ ಸರಿ, ಒಂದು ತಪ್ಪು. ‘ಅಬ್ದುಲ್ ನಜೀರ್ ಸಾಬ್ (4)’ ಎಂಬಲ್ಲಿ ನಾನು ‘ಸಚಿವರು’ ಅಂತ ತುಂಬಿದ್ದೆ. ಅವರು ಮಂತ್ರಿಯಾಗಿದ್ದದ್ದು ನಿಜವೇ. ಗುಂಡ್ಲುಪೇಟೆಯವರು, ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಖಾತೆ ನಡೆಸಿ, ಜಿಲ್ಲಾ ಪರಿಷತ್ತುಗಳಿಗೆ ಅಧಿಕಾರ ಕೊಡಿಸಿದವರು. 1988ರಲ್ಲಿ ತೀರಿಕೊಂಡರು. “ಮಂತ್ರಿಗಳು ನೂರಾರು ಜನ ಬಂದ್ರು, ಹೋದ್ರು. ಹಳ್ಳಿಹಳ್ಳಿಗ ಬೋರ್‌ವೆಲ್ ಕೊರ್ಸಿ ಕೈಪಂಪು ನೆಡ್ಸುದ್ದು ಯಾರು?” ಅಂದು ಮಾವ ನನ್ನ ಉತ್ತರವನ್ನು ರಬ್ಬರಿನಿಂದ ಅಳಿಸಿ, ತಾವೇ ಬರೆದರು: ನೀ, ರ್, ಸಾ, ಬ್.

ಊರಿಗೆ ದೊರೆ ಹೆಸರಿಟ್ಟ, ಹೊಳೆಗೆ ಪುರಾಣ ಇಟ್ಟಿತು, ನಟನಿಗೆ ನಿರ್ದೇಶಕರು ಇಟ್ಟರು. ನೀರ್ ಸಾಬರಿಗೆ ಮಾತ್ರ ಬಿಂದಿಗೆ ಹಿಡಿದು ನಿಂತವರು ಇಟ್ಟರು. ಇಡೀ ಚೌಕದಲ್ಲಿ ನಾನು ತಪ್ಪಿದ್ದು ಆ ಒಂದರಲ್ಲೇ.

ಈ ದಾರಿಯಲ್ಲಿ ಹೊರಡುವವರಿಗೆ ಒಂದು ಮಾತು. ಆಷಾಢದಲ್ಲಿ ಬನ್ನಿ, ಹೂವೂ ಇರುತ್ತದೆ, ತೇರೂ ಸಿಗುತ್ತದೆ. ಪೆನ್ನು ಬೇಡ, ಪೆನ್ಸಿಲ್ ತನ್ನಿ. ಇಲ್ಲಿ ಊರುಗಳನ್ನೇ ಅಳಿಸಿ ಬರೆದಿದ್ದಾರೆ.